ಕೊಸರಿಗೆ ಕೇಳಿದ ಒಂದು ಕಾರ್ಡು

ಈ ಕೆಲಸದಲ್ಲಿ ನಾನು ಕಳೆದುಕೊಂಡದ್ದು ನನ್ನ ಅತಿ ದೊಡ್ಡ ಗಿರಾಕಿಯನ್ನು. ಅವರ ಕಾರ್ಖಾನೆಗಳು, ಗೋದಾಮುಗಳು, ಹೆಣ್ಣುಮಕ್ಕಳ ಹಾಸ್ಟೆಲ್ಲು, ಇವೆಲ್ಲವುಗಳ ಬೀಗ, ಬಾಡಿಗೆ ಕ್ಯಾಮೆರಾ, ಹಾಜರಿ ಯಂತ್ರ ನನ್ನವೇ ಆಗಿದ್ದವು. ಈಗ ಅಲ್ಲಿ ನನ್ನದೊಂದು ಮೊಳೆಯೂ ಇಲ್ಲ. ಕಾರಣ ಇಷ್ಟೆ: ಅವರು ಕೊಸರಿಗೆಂದು ಕೇಳಿದ ಒಂದು ಕಾರ್ಡನ್ನು ನಾನು ಕೊಡಲಿಲ್ಲ. ಅಂಗೈಯಗಲದ ಕಾಗದ. ಅದರ ಅಚ್ಚಿನ ಖರ್ಚು ಒಂದು ಲೋಟ ಚಹಕ್ಕಿಂತ ಕಡಿಮೆ.

ವ್ಯಾಪಾರ ಬಲ್ಲವರು ಇದನ್ನು ಓದಿ ನಗಬಹುದು. ಹುಬ್ಬಳ್ಳಿಯ ಸಂತೆಯಲ್ಲಿ ಬೆಳೆದವಳು ನಾನು. ಕಾಯಿಪಲ್ಯ ತೂಗಿದ ಮೇಲೆ ಒಂದು ಹಿಡಿ ಕೊತ್ತಂಬರಿ ಮೇಲೆ ಹಾಕದವರ ಹತ್ತಿರ ಜನ ಮತ್ತೆ ಬರುವುದಿಲ್ಲ ಎಂದು ಯಾರೂ ನನಗೆ ಹೇಳಿಕೊಡಬೇಕಿಲ್ಲ. ಕಡಲಾಚೆ, ಈ ಸುಬಾಂಗ್ ಜಯಾ ಎಂಬ ಊರಿನಲ್ಲಿ ನನ್ನ ಅಂಗಡಿ ನಿಂತಿರುವುದೇ ಕೊಸರಿನ ಮೇಲೆ. ಬೀಗ ಕೊಂಡರೆ ಒಂದು ಕೀಲಿ ಹೆಚ್ಚಿಗೆ, ಕ್ಯಾಮೆರಾ ಕೂಡಿಸಿದರೆ ಒಂದು ವೈರಿನ ಸುರುಳಿ ಪುಕ್ಕಟೆ. ಅಂಥವಳು ಒಂದು ಕಾಗದಕ್ಕೆ ಯಾಕೆ ಗಟ್ಟಿಯಾದೆ ಎನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

ಶುರುವಾದದ್ದು ಆ ಕಂಪನಿಯ ಸಿಬ್ಬಂದಿ ವಿಭಾಗ ನೋಡಿಕೊಳ್ಳುವ ಮಂಗಳೂರಿನ ಹೆಣ್ಣುಮಗಳಿಂದ. ಪ್ರತಿ ವಾರ ನನ್ನ ಬಿಲ್ಲಿಗೆ ಸಹಿ ಹಾಕುವವಳು ಅವಳೇ. ಅಂಗಡಿಯ ಎದುರಿಗೆ ತಮಿಳು ಮುಸಲ್ಮಾನರು ನಡೆಸುವ ಮಾಮಾಕ್ ಹೋಟೆಲಿಗೆ ಒಂದು ದಿನ ಕರೆದಳು. ರೊಟ್ಟಿ ಬಂತು, ಅವಳು ಮುರಿಯಲಿಲ್ಲ.

"ನೀವು ನಮ್ಮ ಕ್ಯಾಂಟೀನಿನ ಬಾಗಿಲಲ್ಲಿ ದೂರಿನ ಪೆಟ್ಟಿಗೆ ಇಟ್ಟದ್ದು ನೆನಪುಂಟಾ?" ಎಂದಳು.

"ಹೌದು. ಛಲೋ ಪೆಟ್ಟಿಗಿ ಅದು. ಬೀಗಾನೂ ಭಾರೀದು."

"ಅದ್ರೊಳಗೆ ಈವರೆಗೆ ಬಿದ್ದದ್ದು ಎಂತ ಗೊತ್ತುಂಟಾ? ಚಾಕಲೇಟಿನ ಕಾಗದ. ಅದ್ರ ನೆತ್ತಿ ಮೇಲೆ ನೀವೇ ಕ್ಯಾಮೆರಾ ಇಟ್ಟದ್ದು. ಯಾರು ಬರ್ತಾರೆ ಮಾರಾಯ್ರೆ?"

ಬೀಗ ಮಾರಿದವಳೂ ನಾನೇ, ಕಣ್ಣು ಮಾರಿದವಳೂ ನಾನೇ.

ವಿಷಯ ಬೇರೆಯೇ ಇತ್ತು. ಪ್ಯಾಕಿಂಗ್ ವಿಭಾಗದ ಒಬ್ಬ ಹುಡುಗಿ ಅವಳ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಿದ್ದಳು. ಮೇಲ್ವಿಚಾರಕರಲ್ಲಿ ಒಬ್ಬ ಮೈಮೇಲೆ ಕೈ ಹಾಕುತ್ತಾನೆ ಎಂದಷ್ಟೇ ಹೇಳಿದಳು, ಹೆಸರು ಹೇಳಲಿಲ್ಲ. "ಇನ್ನೊಬ್ಬಳು ಹೇಳಿದ್ರೆ ನಾನೂ ಹೇಳ್ತೇನೆ, ಮೊದಲು ನಾನಾಗುವುದಿಲ್ಲ" ಎಂದಳಂತೆ. ಅವಳ ತಪ್ಪಿಲ್ಲ. ಈ ಹುಡುಗಿಯರಲ್ಲಿ ಬಹಳ ಮಂದಿ ಬೇರೆ ದೇಶಗಳಿಂದ ಬಂದವರು. ಅವರ ಪರ್ಮಿಟ್ಟು ಕಂಪನಿಯ ಕೈಯಲ್ಲಿ. ಹಿಂದೆ ಹೀಗೆ ಬಾಯಿಬಿಟ್ಟ ಒಬ್ಬಳ ಪರ್ಮಿಟ್ಟು ಮುಂದುವರಿಯಲಿಲ್ಲ. ಕಾರಣ ಯಾರೂ ಬರೆಯಲಿಲ್ಲ, ವಿಮಾನದ ಟಿಕೇಟು ಮಾತ್ರ ಬಂತು.

"ಈಗ ಮಾಲು ಕೊಳ್ಳುವ ಹೊರದೇಶದವರ ಆಡಿಟ್ ಬರ್ತದೆ, ದೂರಿನ ವ್ಯವಸ್ಥೆ ಬೇಕೇ ಬೇಕು ಅಂತ ಹೇಳಿದ್ದಾರೆ. ಇದೇ ಸಂದರ್ಭ. ನನಗೆ ಬೇಕಾದದ್ದು ಇಷ್ಟೇ. ಒಬ್ಬನ ಮೇಲೆ ಇಬ್ಬರು ದೂರು ಕೊಟ್ರೆ ಮಾತ್ರ ಅದು ತೆರೀಬೇಕು. ಒಬ್ಬಳೇ ಕೊಟ್ರೆ ಅದು ಯಾರಿಗೂ, ನನಗೆ ಸಮೇತ, ಗೊತ್ತಾಗಬಾರದು. ಆಗ್ತದಾ?"

ಆಗುವುದಿಲ್ಲ ಎನ್ನುವ ಮಾತು ನನ್ನ ಅಂಗಡಿಯಲ್ಲಿಲ್ಲ. "ಆಗ್ತದ" ಎಂದೆ. ಹೇಗೆ ಎನ್ನುವುದು ನನಗೂ ಗೊತ್ತಿರಲಿಲ್ಲ.

ನನಗೆ ಗೊತ್ತಿದ್ದದ್ದು ಕೇಳುವ ಜಾಗ. ನಮ್ಮ ಮೇಲಿನ ಮಹಡಿಯಲ್ಲಿ ಮೈಸೂರಿನ ಮೇಷ್ಟ್ರೊಬ್ಬರಿದ್ದಾರೆ. ಇಲ್ಲಿನ ಖಾಸಗಿ ಕಾಲೇಜಿನಲ್ಲಿ ಗಣಿತ ಹೇಳುತ್ತಾರೆ. ಗುಟ್ಟನ್ನು ಹಲವರಲ್ಲಿ ಹಂಚಿಡುವುದು ಅವರು ವರ್ಷಗಟ್ಟಲೆ ಓದಿದ ವಿಷಯ. ಅವರ ಮನೆ ಬಾಗಿಲಿನ ಬೀಗ ನಾನು ರಿಪೇರಿ ಮಾಡಿಕೊಟ್ಟಿದ್ದೆ, ಋಣ ಇತ್ತು.

ಮೇಷ್ಟ್ರು ಒಂದು ಹಾಳೆಯ ಮೇಲೆ ಚುಕ್ಕಿ ಇಟ್ಟರು. "ಈ ಚುಕ್ಕಿ ಮೇಲೆ ಹಾದುಹೋಗೋ ಗೆರೆ ಎಷ್ಟು ಎಳೀಬಹುದು ಮೇಡಂ?"

"ಬೇಕಾದಷ್ಟು."

ಇನ್ನೊಂದು ಚುಕ್ಕಿ ಇಟ್ಟರು. "ಎರಡೂ ಚುಕ್ಕಿ ಮೇಲೆ?"

"ಒಂದ."

"ಮುಗೀತು. ಒಬ್ಬೊಬ್ಬ ಮೇಲ್ವಿಚಾರಕನಿಗೂ ಒಂದೊಂದು ಗುಟ್ಟಿನ ಗೆರೆ. ಆ ಗೆರೆ ಹಾಳೆಯ ಅಂಚಿಗೆ ಎಲ್ಲಿ ತಾಗುತ್ತೋ ಅದು ಅವನ ಗುರುತಿನ ಸಂಖ್ಯೆ. ಆ ಸಂಖ್ಯೆಯ ಪಟ್ಟಿ ಎಲ್ಲರಿಗೂ ಗೊತ್ತಿದ್ರೂ ಪರವಾಗಿಲ್ಲ. ಗೆರೆಯ ಓರೆ ಮಾತ್ರ ಯಾರಿಗೂ ಗೊತ್ತಿರಬಾರದು. ಪ್ರತಿ ಹುಡುಗಿಗೂ ಪ್ರತಿ ಗೆರೆಯ ಮೇಲಿನ ಒಂದು ಚುಕ್ಕಿ ಕೊಡ್ತೀವಿ. ದೂರು ಅಂದ್ರೆ ಆ ಚುಕ್ಕಿಯನ್ನ ಪೆಟ್ಟಿಗೆಗೆ ಹಾಕೋದು. ಒಂದೇ ಚುಕ್ಕಿ ಬಿದ್ರೆ ಅದು ಯಾವ ಗೆರೆಯದು ಅಂತ ಯಾರಪ್ಪನೂ ಹೇಳಲಾರ. ಒಂದೇ ಗೆರೆಯ ಎರಡು ಬಿದ್ರೆ, ಅಂಚು ಸಿಕ್ತು, ಹೆಸರು ಸಿಕ್ತು."

"ದೊಡ್ಡ ಕಂಪ್ಯೂಟರ್ ತಂದು ಒಡದರ?"

"ನೀವು ಬೀಗ ಮಾರೋರು, ನಿಮಗೆ ಬೀಗದ ಭಾಷೇಲೇ ಹೇಳ್ತೀನಿ. ಬೀಗ ಎಷ್ಟೇ ಗಟ್ಟಿ ಇದ್ರೂ ಒಂದು ದಿನ ಒಡೀಬಹುದು, ಯಾಕಂದ್ರೆ ಒಳಗೆ ವಸ್ತು ಇರುತ್ತೆ. ಇಲ್ಲಿ ಒಳಗೆ ಏನೂ ಇಲ್ಲ. ಒಡೆದು ಏನು ತಗೋತಾರೆ? ಉಳಿದ ಅರ್ಧ ಸಂಗತಿ ಇನ್ನೊಬ್ಬಳ ಕೈಲಿದೆ."

ಬೀಗದ ವ್ಯಾಪಾರದಲ್ಲಿ ಇಷ್ಟು ವರ್ಷ ಕಳೆದ ನನಗೆ ಇಂಥ ಮಾಲು ಇದೆಯೆಂದು ಆವತ್ತೇ ತಿಳಿದದ್ದು.

ಆಮೇಲೆ ಚೌಕಾಸಿ ಶುರುವಾಯಿತು. ಮೇಷ್ಟ್ರು ಹೇಳಿದ ಪ್ರಕಾರ ಒಂದೊಂದು ಚುಕ್ಕಿಗೂ ಹತ್ತು ಅಂಕಿಯ ಸಂಖ್ಯೆ. ಇಪ್ಪತ್ತರಷ್ಟು ಮೇಲ್ವಿಚಾರಕರು ಎಂದರೆ ಕಾರ್ಡಿನಲ್ಲಿ ಅಷ್ಟು ಸಾಲು. ನನಗೆ ಸಣ್ಣ ಕಾರ್ಡು ಬೇಕು, ಹುಡುಗಿಯರ ಅಂಗೈಯಲ್ಲಿ ಅಡಗಬೇಕು.

"ಅಲ್ರಿ ಸರ, ನಾಕು ಅಂಕಿಗೆ ಮುಗಸ್ರಿ. ಬ್ಯಾಂಕಿನ ಪಿನ್ ನಾಕ ಇರ್ತದ."

"ನಾಲ್ಕಕ್ಕೆ ಮುಗಿಸಿದ್ರೆ ಪೆಟ್ಟಿಗೆ ತೆರೆದ ದಿನ ಎಲ್ಲ ಮೇಲ್ವಿಚಾರಕರ ಹೆಸರೂ ಬರುತ್ತೆ. ಇನ್ನೂರು ಚೀಟಿ ಬಿದ್ರೆ ಜೋಡಿ ಎಷ್ಟು ಸಾವಿರ ಆಗುತ್ತೆ ನೋಡಿ. ಸಂಬಂಧ ಇಲ್ಲದ ಎರಡು ಚುಕ್ಕಿ ಸೇರಿ ಯಾವನೋ ಪಾಪದವನ ಸಂಖ್ಯೆಗೆ ಆಕಸ್ಮಿಕವಾಗಿ ತಾಗಿಬಿಡುತ್ತೆ. ಹತ್ತು ಅಂಕಿ ಇದ್ರೆ ಆ ಭಯ ಇಲ್ಲ ಅನ್ನಬಹುದು."

"ಆತ್ರಿ. ಸಂಖ್ಯೆ ಹತ್ತ ಇರ್ಲಿ. ಚೀಟಿ ಮ್ಯಾಲೆ ಅದರ ಅರ್ಧ ಅಚ್ಚು ಹಾಕೂಣು."

ಮೇಷ್ಟ್ರು ನಕ್ಕರು. "ಮೇಡಂ, ನಿಮ್ಮ ಹತ್ರ ಖಾಲಿ ಕೊಡ ಇದೆ. ಒಂದೇ ಸಲ ಸುರಿದು ಅದನ್ನ ತುಂಬಿಸಬೇಕು. ಸುರಿಯೋ ಪಾತ್ರೆ ಕೊಡಕ್ಕಿಂತ ಚಿಕ್ಕದಿದ್ರೆ ಆಗುತ್ತಾ?"

"ಇಲ್ಲ."

"ಮೊದಲನೇ ಚೀಟಿ ಬಿದ್ದಾಗ ನಮಗೆ ಏನೂ ಗೊತ್ತಿರಬಾರದು, ಅಂದ್ರೆ ಕೊಡ ಪೂರ್ತಿ ಖಾಲಿ. ಎರಡನೇದು ಬಿದ್ದ ತಕ್ಷಣ ಎಲ್ಲ ಗೊತ್ತಾಗಬೇಕು, ಅಂದ್ರೆ ಪೂರ್ತಿ ತುಂಬಬೇಕು. ಹಾಗಾಗಿ ಚೀಟಿ ಗುಟ್ಟಿಗಿಂತ ಚಿಕ್ಕದಾಗೋ ಹಾಗೇ ಇಲ್ಲ. ಚಿಕ್ಕದು ಮಾಡಿದ್ರೆ ಮೊದಲೇ ಒಂಚೂರು ಸೋರಿದೆ ಅಂತ ಅರ್ಥ. ಇದು ನನ್ನ ರೇಟ್ ಅಲ್ಲ, ಇಳಿಸೋಕೆ."

ಇಳಿಯದ ದರ ನಾನು ನೋಡಿದ್ದು ಕಡಿಮೆ. ಆದರೆ ದರ ಇಳಿಯದಿದ್ದಾಗ ಮಾಲಿನ ಆಕಾರ ಬದಲಿಸಬಹುದು, ಅದು ನನ್ನ ವಿದ್ಯೆ. ಕಾರ್ಡನ್ನು ಉದ್ದಕ್ಕೆ ಹಚ್ಚಿ ನಾಲ್ಕು ಮಡಿಕೆ ಮಾಡಿದೆ. ಅಂಗೈಯಲ್ಲಿ ಕೂತಿತು.

ಕ್ರಮ ಹೀಗೆ ನಿಂತಿತು. ಎಡಕ್ಕೆ ಮೇಲ್ವಿಚಾರಕರ ಹೆಸರುಗಳು, ಬಲಕ್ಕೆ ಹರಿದು ತೆಗೆಯುವ ಪಟ್ಟಿಗಳು. ಪಟ್ಟಿಯ ಮೇಲೆ ಹೆಸರಿಲ್ಲ, ಕಾರ್ಡಿನ ಸಂಖ್ಯೆ ಮತ್ತು ಹತ್ತು ಅಂಕಿ ಮಾತ್ರ. ದೂರಿದ್ದವಳು ಆ ಹೆಸರಿನ ಪಟ್ಟಿ ಹರಿದು ಪೆಟ್ಟಿಗೆಗೆ ಹಾಕುತ್ತಾಳೆ. ದೂರಿಲ್ಲದವಳಿಗೆ ಕೊನೆಯಲ್ಲಿ "ಯಾರೂ ಇಲ್ಲ" ಎನ್ನುವ ಸಾಲು. ಅದರ ಸಂಖ್ಯೆ ಯಾವ ಗೆರೆಗೂ ಸೇರದ ಬರಿ ಮನಬಂದ ಸಂಖ್ಯೆ. ಪ್ರತಿಯೊಬ್ಬಳೂ ಒಂದು ಪಟ್ಟಿ ಹಾಕಲೇಬೇಕು. ಆಗ ಪೆಟ್ಟಿಗೆಯ ಹತ್ತಿರ ಹೋದವಳು ಯಾರು ಎಂದು ನೋಡಿ ಪ್ರಯೋಜನವಿಲ್ಲ, ಎಲ್ಲರೂ ಹೋಗಿರುತ್ತಾರೆ. ಕಾರ್ಡುಗಳನ್ನು ಒಂದು ಡಬ್ಬಿಯಲ್ಲಿ ಕಲಸಿ ಇಟ್ಟು ಅವರೇ ಎತ್ತಿಕೊಳ್ಳಬೇಕು, ಯಾವ ಕಾರ್ಡು ಯಾರಿಗೆ ಹೋಯಿತೆಂದು ಯಾರಿಗೂ ತಿಳಿಯದ ಹಾಗೆ. ಪಟ್ಟಿ ಹರಿದ ಮೇಲೆ ಕಾರ್ಡಿನ ಸಂಖ್ಯೆಯಿರುವ ತುದಿಯನ್ನು ಇಟ್ಟುಕೊಂಡು ಉಳಿದದ್ದನ್ನು ಅಲ್ಲೇ ನೀರಿನ ಬಕೆಟ್ಟಿಗೆ ಹಾಕಬೇಕು. ಎರಡು ಪಟ್ಟಿ ಕೂಡಿಬಂದರೆ ಆ ಎರಡು ಕಾರ್ಡಿನ ಸಂಖ್ಯೆಯನ್ನು ನೋಟೀಸು ಬೋರ್ಡಿಗೆ ಹಚ್ಚುವುದು. ಆ ತುದಿ ಹಿಡಿದು ಸಿಬ್ಬಂದಿ ವಿಭಾಗಕ್ಕೆ ಬರುವುದು, ಬಿಡುವುದು ಅವರ ಇಷ್ಟ. ಆದರೆ ತನ್ನಂಥ ಇನ್ನೊಬ್ಬಳಿದ್ದಾಳೆ ಎಂದು ಗೊತ್ತಾಗಿರುತ್ತದೆ.

ಕಾರ್ಖಾನೆಯ ಮುಖ್ಯಸ್ಥರ ಒಪ್ಪಿಗೆ ಬೇಕಿತ್ತು. ಬೆಂಗಳೂರಿನವರು, ನಗುಮುಖದವರು, ನನ್ನ ಹಳೆಯ ಗಿರಾಕಿ. ಕಾರ್ಡಿನ ಹೆಸರುಗಳಲ್ಲಿ ಅವರದೂ ಇರಲಿ ಎಂದು ನಾನೇ ಕೇಳಿದೆ. "ನಿಮ್ಮ ಹೆಸರು ಬಿಟ್ರ ಆಡಿಟ್ನವ್ರು ಯಾಕ ಅಂತ ಕೇಳ್ತಾರ್ರಿ" ಎಂದೆ. "ಹಾಕ್ಕೊಳ್ಳಿ ಮೇಡಂ, ನನಗೇನು ಭಯ!" ಎಂದು ದೊಡ್ಡದಾಗಿ ನಕ್ಕರು.

ಹುಡುಗಿಯರಿಗೆ ನಂಬಿಕೆ ಬರಿಸುವುದು ಗಣಿತಕ್ಕಿಂತ ಕಷ್ಟವಾಯಿತು. ಕ್ಯಾಂಟೀನಿನಲ್ಲಿ ಮೊದಲು ಹಣ್ಣಿನ ಹೆಸರು ಹಾಕಿ ಒಂದು ಆಟ ಆಡಿಸಿದೆವು: ನಿಮಗೆ ಸೇರದ ಹಣ್ಣಿನ ಪಟ್ಟಿ ಹರಿದು ಹಾಕಿ. ಮೇಷ್ಟ್ರ ಲ್ಯಾಪ್‌ಟಾಪು ಗಬ್ಬುನಾತದ ದುರಿಯನ್ ಹಣ್ಣಿನ ಹೆಸರು ತೋರಿಸಿತು. ಇಡೀ ಕ್ಯಾಂಟೀನು ಒಬ್ಬರ ಮುಖ ಒಬ್ಬರು ನೋಡಿ ನಕ್ಕಿತು. ಸಾಲಿನ ಹಿಂದಿದ್ದ ತಮಿಳು ಹೆಂಗಸೊಬ್ಬಳು ಎದ್ದು ನಿಂತು ತನ್ನ ಭಾಷೆಯಲ್ಲಿ ಕೂಗಿದಳು, ನಾನು ಬಾಳೆಹಣ್ಣು ಹಾಕಿದ್ದೆ, ಅದು ಯಾಕೆ ಬರಲಿಲ್ಲ ಎಂದು. "ನೀವು ಒಬ್ಬರೇ ಹಾಕಿದ್ದಕ್ಕೆ" ಎಂದರು ಮೇಷ್ಟ್ರು. ಅವಳು ತಲೆಯಾಡಿಸಿ ಕೂತಳು. ನಗು ನಿಂತಿತು. ಆ ಕ್ಷಣದಲ್ಲಿ ಅವರಿಗೆಲ್ಲ ಅರ್ಥವಾಯಿತು ಎಂದು ನನಗನ್ನಿಸಿತು.

ನಿಜವಾದ ಕಾರ್ಡುಗಳನ್ನು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಚ್ಚು ಹಾಕಿದೆವು. ಗೆರೆಗಳನ್ನು ಹುಟ್ಟಿಸಿದ ಡಿಸ್ಕನ್ನು ಹುಡುಗಿಯರ ಪೈಕಿ ಇಬ್ಬರನ್ನು ಕರೆಸಿ ಅವರ ಎದುರಿಗೇ ಸುತ್ತಿಗೆಯಿಂದ ಒಡೆದೆವು. ಮೇಷ್ಟ್ರು ಇದಕ್ಕೆ ಪಟ್ಟು ಹಿಡಿದಿದ್ದರು: "ಕಾರ್ಡು ಮಾಡಿದವರಿಗೆ ಎಲ್ಲ ಗೊತ್ತಿರುತ್ತೆ. ಇದನ್ನ ಲೆಕ್ಕದಿಂದ ತಪ್ಪಿಸೋಕೆ ನಮ್ಮ ಹತ್ರ ಈಗ ಹೊತ್ತಿಲ್ಲ, ಸುತ್ತಿಗೆಯಿಂದಲೇ ತಪ್ಪಿಸಬೇಕು."

ಇಲ್ಲಿ ಒಂದು ಸಂಗತಿ ಮೇಷ್ಟ್ರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿದ್ದರೂ ಹೊಳೆಯಲಿಲ್ಲ. ಅಚ್ಚಿನ ಕೆಲಸದಲ್ಲಿ ಬೇಕಾದಷ್ಟೇ ಯಾರೂ ಹಾಕುವುದಿಲ್ಲ. ಮಸಿ ಹರಡುತ್ತದೆ, ಮಡಿಕೆ ತಪ್ಪುತ್ತದೆ, ಅದಕ್ಕೆಂದು ಒಂದು ಕಂತೆ ಹೆಚ್ಚಿಗೆ ಹಾಕಿರುತ್ತೇವೆ. ಮೇಷ್ಟ್ರು ಎಷ್ಟು ಬೇಕು ಎಂದು ಕೇಳಿದಾಗ ನಾನು ರೂಢಿಯಂತೆ ಕೂಡಿಸಿಯೇ ಹೇಳಿದ್ದೆ. ಹುಡುಗಿಯರೆಲ್ಲ ಎತ್ತಿಕೊಂಡ ಮೇಲೂ ಡಬ್ಬಿಯಲ್ಲಿ ಒಂದು ಹಿಡಿ ಕಾರ್ಡು ಉಳಿಯಿತು. ರಬ್ಬರ್ ಬ್ಯಾಂಡ್ ಹಾಕಿ ಚೀಲಕ್ಕೆ ಸೇರಿಸಿದೆ. ಮುಖ್ಯಸ್ಥರು ಕ್ಯಾಂಟೀನಿನ ಬಾಗಿಲಲ್ಲೇ ನಿಂತಿದ್ದರು.

ಶುಕ್ರವಾರ ಎಲ್ಲರೂ ಪಟ್ಟಿ ಹಾಕಿದರು. ಆಡಿಟ್ಟಿನವರು ಸೋಮವಾರ ಬರುವವರಿದ್ದರು. ಎಣಿಕೆ ಅವರ ಎದುರಿಗೆ, ಪ್ರತಿ ಪಟ್ಟಿಯ ಸಂಖ್ಯೆಯನ್ನೂ ಗಟ್ಟಿಯಾಗಿ ಓದಿ, ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ. ಅಷ್ಟರವರೆಗೆ ಪೆಟ್ಟಿಗೆಗೆ ಮೊಹರು.

ಶನಿವಾರ ಮುಖ್ಯಸ್ಥರು ಬಾಂಗ್ಸಾರ್ ಬಡಾವಣೆಯ ಕಾಫಿ ಅಂಗಡಿಗೆ ಕರೆದರು. ಹೊಸದಾಗಿ ಶುರುವಾಗುವ ಕಾರ್ಖಾನೆಯ ನಕ್ಷೆ ಮೇಜಿನ ಮೇಲೆ ಹರಡಿದ್ದರು. ಇಲ್ಲಿ ಕ್ಯಾಮೆರಾ, ಅಲ್ಲಿ ಗೇಟು, ಎಲ್ಲ ನಿಮಗೇ ಎಂದರು. ನಾನು ಒಂದು ಗಂಟೆ ಸಂತೋಷದಿಂದ ಚೌಕಾಸಿ ಮಾಡಿದೆ. ಏಳುವ ಹೊತ್ತಿಗೆ ಅವರು ಅಂದರು:

"ಮೇಡಂ, ಆ ಉಳಿದ ಕಾರ್ಡಲ್ಲಿ ಒಂದ್ ನನಗೂ ಕೊಡಿ."

"ನಿಮಗ್ಯಾಕ್ರಿ?"

"ನಾನೂ ಸ್ಟಾಫೇ ಅಲ್ವಾ! ಒಂದ್ ಸ್ಯಾಂಪಲ್ ಇರ್ಲಿ ಅಂತ. ಇಷ್ಟ್ ದೊಡ್ಡ ಆರ್ಡರ್ ಕೊಡ್ತಿದೀನಿ, ಒಂದ್ ಪೇಪರ್ ಕೊಸರಿಗೆ ಕೊಡಲ್ವಾ?"

ಚೀಲ ನನ್ನ ಕಾಲ ಬುಡದಲ್ಲೇ ಇತ್ತು. ಕೈ ಅದರೊಳಗೆ ಹೋಗಿಯೂ ಇತ್ತು. ಆದರೆ ಒಂದು ಸಂಗತಿ ನನ್ನನ್ನು ತಡೆಯಿತು. ಕೊಸರು ಕೇಳುವವರು ಹಗುರಾಗಿ ಕೇಳುತ್ತಾರೆ, ಕೊಟ್ಟರೆ ಕೊಡು ಬಿಟ್ಟರೆ ಬಿಡು ಎನ್ನುವ ಹಾಗೆ. ಇವರ ಬಾಯಿ ನಗುತ್ತಿತ್ತು, ಕಣ್ಣು ನನ್ನ ಕೈಯ ಮೇಲೆ ಇತ್ತು. ಒಂದು ಗಂಟೆ ನಕ್ಷೆ ತೋರಿಸಿದ್ದು ಇದಕ್ಕೇ ಏನೋ ಎಂದು ಅನುಮಾನ ಬಂತು.

"ಅಂಗಡ್ಯಾಗ ಅದಾವ್ರಿ, ಸೋಮವಾರ ನೋಡೂಣು" ಎಂದು ಸುಳ್ಳು ಹೇಳಿ ಎದ್ದೆ. ಎಲ್‌ಆರ್‌ಟಿ ರೈಲಿನಲ್ಲಿ ಕೂತು ಆ ಚೀಲವನ್ನು ಎದೆಗೆ ಅವಚಿಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ಮೇಷ್ಟ್ರ ಬಾಗಿಲು ಬಡಿದೆ. ಮಂಗಳೂರಿನವಳನ್ನೂ ಕರೆಸಿದೆ, ಚರ್ಚಿನಿಂದ ನೇರ ಬಂದಳು. ಕಂತೆಯನ್ನು ಮೇಜಿನ ಮೇಲಿಟ್ಟು ಮುಖ್ಯಸ್ಥರು ಕೇಳಿದ್ದನ್ನು ಹೇಳಿದಾಗ ಮೇಷ್ಟ್ರ ಮುಖ ಬಿಳಿಚಿತು.

"ಇದು ಎಲ್ಲಿಂದ ಬಂತು ಮೇಡಂ?"

"ಹೆಚ್ಚಿಗಿ ಹಾಕಿದ್ದು. ರೂಢಿ."

"ಅಯ್ಯೋ ಶಿವನೆ." ಅವರು ಒಂದು ಕಾರ್ಡು ಎತ್ತಿದರು. "ಇದರಲ್ಲಿ ಪ್ರತಿ ಹೆಸರಿನ ಗೆರೆಯ ಮೇಲೂ ಒಂದು ಚುಕ್ಕಿ ಇದೆ. ಇದು ಯಾರ ಕೈಲಿದೆಯೋ, ಪೆಟ್ಟಿಗೇಲಿ ಬಿದ್ದ ಒಂದೊಂದು ಪಟ್ಟಿಯ ಜೊತೆಗೂ ಅವರು ಇದರ ಒಂದೊಂದು ಸಾಲು ಜೋಡಿಸಿ ನೋಡಬಹುದು. ಸೋಮವಾರ ಸಂಖ್ಯೆಗಳನ್ನ ಗೋಡೆ ಮೇಲೇ ಹಾಕ್ತೀವಲ್ಲ! ಒಬ್ಬಳೇ ದೂರು ಕೊಟ್ಟಿದ್ರೂ ಯಾರ ಮೇಲೆ ಅಂತ ತೆರೆದುಕೊಳ್ಳುತ್ತೆ."

"ಹೆಸರು ದೂರಿದವಳದ್ದಲ್ಲಲಾ, ದೂರಿಸಿಕೊಂಡವನದ್ದು" ಎಂದೆ.

ಮಂಗಳೂರಿನವಳು ನನ್ನ ಕಡೆ ತಿರುಗಿದಳು. "ತನ್ನ ಮೇಲೆ ದೂರು ಬಿದ್ದಿದೆ ಅಂತ ಅವನಿಗೆ ಗೊತ್ತಾದ್ರೆ ಸಾಕಲ್ಲ. ಕೊಟ್ಟದ್ದು ಯಾರು ಅಂತ ಅವನಿಗೆ ಬೇರೆ ಹೇಳಿಕೊಡಬೇಕಾ? ತಾನು ಯಾರಿಗೆ ಏನು ಮಾಡಿದ್ದು ಅಂತ ಅವನಿಗೆ ಗೊತ್ತಿಲ್ವಾ?"

ನಾನು ಬಿಡಲಿಲ್ಲ. "ಸರ, ಕಾರ್ಡು ಇಟಗೊಂಡವರು ಬ್ಯಾರೆ, ಖರೇ ಎರಡನೇದ್ದು ಹಾಕಿದವರು ಬ್ಯಾರೆ. ಅದನ್ನ ಕಂಡುಹಿಡಿಯೋ ಹಂಗ ಲೆಕ್ಕಾ ಮಾಡ್ರಿ."

"ಆಗಲ್ಲ ಮೇಡಂ. ಇಬ್ಬರ ಕೈಲೂ ಇರೋದು ಒಂದೇ ಥರದ ಚುಕ್ಕಿ. ನೊಂದು ಹಾಕಿದ ಚುಕ್ಕಿ, ಕದ್ದು ನೋಡೋಕೆ ಇಟ್ಟ ಚುಕ್ಕಿ ಅಂತ ಚುಕ್ಕಿ ಮೇಲೆ ಬರೆದಿರಲ್ಲ. ಇಬ್ಬರು ಸೇರಿದ್ರೆ ತೆರೀಬೇಕು ಅಂತ ನೀವೇ ಕೇಳಿದ್ದು. ಆ ಇಬ್ಬರಲ್ಲಿ ಒಬ್ಬರು ಮುಖ್ಯಸ್ಥರೇ ಆಗಿಬಿಟ್ರೆ ಲೆಕ್ಕ ಏನು ಮಾಡುತ್ತೆ? ಲೆಕ್ಕ ಬಾಗಿಲು ಕಾಯುತ್ತೆ. ಕೀಲಿ ಯಾರಿಗೆ ಕೊಡ್ತೀರಿ ಅನ್ನೋದು ನಿಮ್ಮದು."

ಆಗ ನನಗೊಂದು ಉಪಾಯ ಹೊಳೆಯಿತು. ಮುಖ್ಯಸ್ಥರಿಗೆ ಕಾರ್ಡು ಕೊಡೋಣ, ಸುಳ್ಳು ಕಾರ್ಡು. ಎಲ್ಲ ಸಾಲಿನಲ್ಲೂ ಮನಬಂದ ಸಂಖ್ಯೆ. ಅವರು ಜೋಡಿಸುತ್ತಾ ಕೂರಲಿ, ಏನೂ ಸಿಗುವುದಿಲ್ಲ. ಗಿರಾಕಿಯೂ ಉಳಿದ, ಗುಟ್ಟೂ ಉಳಿಯಿತು. ನನಗೆ ಬಹಳ ಹೆಮ್ಮೆಯಾಯಿತು. ಮೇಷ್ಟ್ರು ತಲೆ ಕೆರೆದುಕೊಂಡು, ಲೆಕ್ಕದ ಪ್ರಕಾರ ಇದು ನಡೆಯುತ್ತದೆ ಎಂದೂ ಒಪ್ಪಿದರು.

ಒಪ್ಪದವಳು ಮಂಗಳೂರಿನವಳು. "ಅವರ ಕೈಯಲ್ಲಿ ಕಾರ್ಡುಂಟು ಅಂತ ಅವರೇ ನಾಲ್ಕು ಜನಕ್ಕೆ ತೋರಿಸ್ತಾರೆ. ಅದು ಸುಳ್ಳು ಕಾರ್ಡು ಅಂತ ನೀವು ಯಾರಿಗೆ ಹೇಳ್ತೀರಿ? ಆ ಹುಡುಗಿಯರಿಗೆ ಹೇಳಿದ್ರೆ ಮುಖ್ಯಸ್ಥರಿಗೂ ಗೊತ್ತಾಯ್ತು. ಹೇಳದಿದ್ರೆ ಇನ್ನು ಮುಂದೆ ಯಾರೂ ಪೆಟ್ಟಿಗೆಗೆ ಕೈ ಹಾಕುದಿಲ್ಲ. ಅಕ್ಕಾ, ಹುಡುಗಿಯರು ಶುಕ್ರವಾರ ನಿಮ್ಮನ್ನ ನಂಬಿ ಹಾಕಿದ್ದು. ನನ್ನನ್ನ ಅಲ್ಲ, ನಾನು ಕಂಪನಿಯವಳು. ಸುತ್ತಿಗೆ ಹಿಡಿದದ್ದು ನೀವು."

ಅವಳು ನನ್ನನ್ನು ಅಕ್ಕಾ ಎಂದದ್ದು ಅದೇ ಮೊದಲು. ನಾನು ಕಂತೆಯನ್ನು ನೋಡುತ್ತ ಕೂತೆ. ಹೊಸ ಕಾರ್ಖಾನೆಯ ನಕ್ಷೆ ಕಣ್ಣ ಮುಂದೆ ಬಂತು, ಗೇಟು ಸಮೇತ. ನನ್ನ ಮಾಲಿನಲ್ಲಿ ಸುಳ್ಳು ಬೆರೆಸಿದರೆ ನಾಳೆ ನನ್ನ ಬೀಗದಲ್ಲಿ ಸುಳ್ಳಿಲ್ಲ ಎಂದು ಯಾರು ನಂಬುತ್ತಾರೆ ಎಂದೂ ಬಂತು. ಇದರಲ್ಲಿ ಎರಡನೆಯ ಯೋಚನೆಯೇ ದೊಡ್ಡದು ಎಂದು ತೀರ್ಮಾನಿಸಲು ನನಗೆ ಮೇಷ್ಟ್ರ ಮನೆಯ ಕಾಫಿ ಪೂರ್ತಿ ಬೇಕಾಯಿತು.

"ನಾಳೆ ಮುಂಜಾನೆ ನಾಷ್ಟಾ ಹೊತ್ತಿಗೆ ಕ್ಯಾಂಟೀನಿನ್ಯಾಗ ಒಂದು ಬಕೆಟ್ಟು ನೀರು ಇಡಸು" ಎಂದೆ. "ಎಲ್ಲಾರೂ ಇರೋ ಹೊತ್ತಿನ್ಯಾಗ."

ಸೋಮವಾರ ಆಡಿಟ್ಟಿನವರು ಬರುವ ಮೊದಲು ನಾನು ಕ್ಯಾಂಟೀನಿನ ನಡುವೆ ನಿಂತೆ. ಉಳಿದ ಕಾರ್ಡುಗಳಿವು, ಇವು ಇರಬಾರದಿತ್ತು ಎಂದು ಹೇಳಿದೆ. ಹೆಚ್ಚಿಗೆ ಹಾಕಿದ್ದೆಷ್ಟು, ಕೆಟ್ಟದ್ದೆಷ್ಟು, ಕೈಯಲ್ಲಿರುವುದೆಷ್ಟು ಎಂದು ಆ ತಮಿಳು ಹೆಂಗಸಿನ ಕೈಯಲ್ಲೇ ತಾಳೆ ನೋಡಿಸಿದೆ. ಆಮೇಲೆ ಕಂತೆಯನ್ನು ನೀರಿನಲ್ಲಿ ಮುಳುಗಿಸಿ, ರೊಟ್ಟಿಯ ಹಿಟ್ಟು ನಾದುವ ಹಾಗೆ ಎರಡೂ ಕೈಯಿಂದ ನಾದಿದೆ. ಕಾಗದ ಗಂಜಿಯಾಯಿತು. ಎಲ್ಲರೂ ನೋಡಿದರು. ಬಾಗಿಲಲ್ಲಿ ಮುಖ್ಯಸ್ಥರೂ ನಿಂತು ನೋಡಿದರು.

ಕೈ ಒರೆಸಿಕೊಳ್ಳುತ್ತ ಅವರ ಹತ್ತಿರ ಹೋದೆ. "ಕೊಸರು ಬ್ಯಾರೇದು ಏನರ ಕೇಳ್ರಿ ಸರ, ಕೊಡ್ತೀನಿ. ಒಂದು ವರ್ಷದ ರಿಪೇರಿ ಪುಕ್ಕಟೆ ಮಾಡ್ತೀನಿ."

"ಬೇಡ ಮೇಡಂ" ಎಂದರು, ನಗುತ್ತಲೇ. "ನಿಮ್ ಸಾಮಾನೆಲ್ಲ ಬಿಚ್ಕೊಂಡ್ ಹೋಗಿ. ನಾಳೆನೇ."

ಎಣಿಕೆ ಗೊತ್ತುಮಾಡಿದ ಹಾಗೆಯೇ ನಡೆಯಿತು. ಸಂಖ್ಯೆಗಳನ್ನು ಓದಿದರು, ಗೋಡೆಯ ಮೇಲೆ ಸಾಲಾಗಿ ಬಂದವು. ಎಲ್ಲವೂ ಒಂದೇ ಥರದ ಅರ್ಥವಿಲ್ಲದ ಅಂಕಿಗಳು. ಮೇಷ್ಟ್ರು ಒಂದು ಗುಂಡಿ ಒತ್ತಿದರು. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ನನಗೆ ಬಾಳೆಹಣ್ಣಿನ ಹೆಂಗಸು ನೆನಪಾದಳು. ಆಮೇಲೆ ಒಂದು ಸಾಲು ಬಂತು: ಎರಡು ಕಾರ್ಡಿನ ಸಂಖ್ಯೆ, ಒಂದು ಗುರುತಿನ ಸಂಖ್ಯೆ. ಅದು ಮುಖ್ಯಸ್ಥರದ್ದಲ್ಲ. ಪಾಳಿ ಬಿಟ್ಟ ಮೇಲೆ ಹುಡುಗಿಯರನ್ನು ಬಸ್ಸಿಗೆ ಹತ್ತಿಸುವ ಮೇಲ್ವಿಚಾರಕನದು. ಮುಖ್ಯಸ್ಥರ ಬಲಗೈ. ಅವರು ಕನ್ನಡಕ ತೆಗೆದು ಒರೆಸಿದರು.

ಮರುದಿನ ನಾನು ಏಣಿ ಹಾಕಿಕೊಂಡು ಸಿಬ್ಬಂದಿ ವಿಭಾಗದ ಓಣಿಯಲ್ಲಿ ನನ್ನ ಕ್ಯಾಮೆರಾ ಬಿಚ್ಚುತ್ತಿದ್ದೆ. ನೋಟೀಸು ಬೋರ್ಡಿನಲ್ಲಿ ಆ ಎರಡು ಸಂಖ್ಯೆ ಬೆಳಿಗ್ಗೆಯೇ ಬಂದಿದ್ದವು. ಒಬ್ಬ ಹುಡುಗಿ ಓಣಿಯ ತುದಿಯಲ್ಲಿ ಬಂದು ನಿಂತು ಮೇಲೆ ನೋಡಿದಳು. ನಾನು ಕ್ಯಾಮೆರಾವನ್ನು ವೈರಿನ ಸಮೇತ ಕೈಯಲ್ಲಿ ಹಿಡಿದು ಅವಳಿಗೆ ತೋರಿಸಿದೆ. ಅವಳು ಮಂಗಳೂರಿನವಳ ಕೋಣೆಯೊಳಗೆ ಹೋದಳು. ನಾನು ಏಣಿ ಇಳಿಯುವ ಮೊದಲೇ ಇನ್ನೊಬ್ಬಳು ಬಂದಳು, ಮುಷ್ಟಿಯಲ್ಲಿ ಕಾರ್ಡಿನ ತುದಿ. ಬಾಗಿಲು ತೆರೆದಾಗ ಒಳಗಿದ್ದ ಹುಡುಗಿ ತಿರುಗಿದಳು.

ಇಬ್ಬರೂ ದಿನಾ ಒಂದೇ ಬೆಂಚಿನ ಮೇಲೆ ಊಟ ಮಾಡುವವರು. ನಾನೇ ಎಷ್ಟೋ ಸಲ ನೋಡಿದ್ದೆ. "ನೀನಾ?" ಎಂದಿರಬೇಕು, ಅವರ ಭಾಷೆ ನನಗೆ ಬಾರದು. ಬಾಗಿಲು ಮುಚ್ಚಿತು.

ವಿಚಾರಣೆ ನಡೆದು ಆ ಮೇಲ್ವಿಚಾರಕ ಹೋದ, ಇಬ್ಬರು ಹುಡುಗಿಯರ ಪರ್ಮಿಟ್ಟೂ ಮುಂದುವರಿಯಿತು ಎಂದು ಮಂಗಳೂರಿನವಳು ಹೇಳಿದಳು. ಈಗಲೂ ಅದೇ ಮಾಮಾಕ್ ಹೋಟೆಲಿಗೆ ಬರುತ್ತಾಳೆ, ಈಗ ರೊಟ್ಟಿ ಮುರಿಯುತ್ತಾಳೆ. ಆ ಗಿರಾಕಿಯ ಜಾಗ ತುಂಬಲು ನಾನು ಇನ್ನೂ ಓಡಾಡುತ್ತಿದ್ದೇನೆ.

ನಿಮ್ಮಲ್ಲಿ ಯಾರಾದರೂ ಹೀಗೆ ಗುಟ್ಟು ಹಂಚುವ ಕೆಲಸಕ್ಕೆ ಕೈ ಹಾಕುವುದಿದ್ದರೆ ನಾಲ್ಕು ಮಾತು ಹೇಳುತ್ತೇನೆ, ಪುಕ್ಕಟೆ. ಎಷ್ಟು ಅಂಕಿ ಬೇಕು ಎಂದು ಲೆಕ್ಕ ಬಲ್ಲವರು ಹೇಳಿದ ಮೇಲೆ ಚೌಕಾಸಿ ಮಾಡಬೇಡಿ, ಅದು ಇಳಿಯುವ ದರವಲ್ಲ. ಒಂದು ಸಲಕ್ಕೆ ಬಳಸಿದ ಕಾರ್ಡನ್ನು ಇನ್ನೊಂದು ಸಲಕ್ಕೆ ಬಳಸಬೇಡಿ; ಹೋದ ಸಲ ಹಾಕಿದ ಪಟ್ಟಿ ಬಿಟ್ಟು ಈ ಸಲ ಬೇರೆ ಹಾಕಿದವಳು ಎದ್ದು ಕಾಣುತ್ತಾಳೆ. ಏನೂ ಕೂಡಿಬರದಿದ್ದರೆ ದೂರೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯಾರೂ ಹಾಕಿಲ್ಲವೋ, ಒಬ್ಬಳು ಹಾಕಿ ಕಾಯುತ್ತಿದ್ದಾಳೋ, ಅದು ತಿಳಿಯದಿರುವುದೇ ಈ ವ್ಯವಸ್ಥೆಯ ಬೆಲೆ. ಇಬ್ಬರು ಸೇರಿ ಸುಳ್ಳು ಹಾಕಿದರೂ ಅದು ತೆರೆಯುತ್ತದೆ, ಆದ್ದರಿಂದ ತೆರೆದ ಮೇಲೆ ವಿಚಾರಣೆ ಮಾಡುವುದು ಮನುಷ್ಯರ ಕೆಲಸ. ಮತ್ತೆ, ಅಚ್ಚು ಹಾಕುವಾಗ ಒಂದು ಕೆಟ್ಟರೆ ಕೆಟ್ಟದ್ದನ್ನು ಮೊದಲು ನೀರಲ್ಲಿ ನೆನೆಸಿ ಆಮೇಲೆ ಎಲ್ಲವನ್ನೂ ಹೊಸದಾಗಿ ಮಾಡಿ. ಹೆಚ್ಚಿಗೆ ಒಂದೂ ಬೇಡ.

ಉಳಿದದ್ದು ಬರೀ ವ್ಯಾಪಾರದ ಮಾತು. ಕೊಸರು ಕೊಡಿ, ಕೈ ತುಂಬ ಕೊಡಿ. ಆದರೆ ಕೊಡುವ ಮುಂಚೆ ಕೇಳಿದವರ ಕಣ್ಣು ಎಲ್ಲಿದೆ ನೋಡಿ. ಅದು ತಕ್ಕಡಿಯ ಮೇಲೆ ಇಲ್ಲದೆ ನಿಮ್ಮ ಚೀಲದ ಮೇಲಿದ್ದರೆ, ಅವರು ಕೊಳ್ಳಲು ಬಂದದ್ದು ಆ ಕೊಸರನ್ನೇ.